ಎರೆಮಣ್ಣಿನ ಎತ್ತುಗಳು

ಕಲೆಯೆಂದೊಡನೆ ನಮ್ಮ ಮನಸ್ಸು ಅಜಂತೆ ಎಲ್ಲೋರೆಗಳಿಗೆ, ಬಾದಾಮಿ ಪಟ್ಟದಕಲ್ಲುಗಳಿಗೆ, ಹೆಚ್ಚೆಂದರೆ ಹೊಳೆ ದಾಟಿ ಹಂಪೆಗೆ ಹೋಗಿ ನಿಲ್ಲುವುದು. ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲೂಕುಗಳ ವಿದ್ಯಾರ್ಥಿಗಳನ್ನು "ನಿಮ್ಮ ಊರಿನಲ್ಲಿ ಕಲೆಯುಂಟೆ?" ಎಂದು ಕೇಳಿದರೆ ಬಹುಮಂದಿ "ನಮ್ಮಲ್ಲೇನಿದೆ, ಹೊಲವಿದೆ, ನೆಲ್ಲಿದೆ" ಎಂದುಬಿಡುವರು. ಕೆಲವರು ಮುದಗಲ್ಲಿನ ಕೋಟೆಯನ್ನು ತೋರಿಸುವರು. ಇತಿಹಾಸವನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಂಡವರು 1915ರಲ್ಲಿ ಮಸ್ಕಿಯ ಬೆಟ್ಟದಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನದ ಮಾತೆತ್ತುವರು. ಆದರೆ ನಮ್ಮೆಲ್ಲರ ಮನೆಗಳಲ್ಲಿಯೂ ವರ್ಷಕ್ಕೊಮ್ಮೆ ಹುಟ್ಟಿ, ಎರಡು ದಿನ ಬಾಳಿ, ನೀರಿನಲ್ಲಿ ಕರಗಿಹೋಗುವ ಒಂದು ಕಲೆಯುಂಟು. ಅದು ನಮ್ಮ ಕಣ್ಣಿಗೆ ಕಲೆಯಾಗಿ ಕಾಣದಿರುವುದಕ್ಕೆ ಕಾರಣ ಅದು ತೀರ ಹತ್ತಿರವಿರುವುದೇ ಆಗಿರಬೇಕು. ಆ ಕಲೆಯೇ ಮಣ್ಣೆತ್ತು.

ನೆಲದೊಡನೆ ಮನುಷ್ಯನಿಗಿರುವ ಸಂಬಂಧ ಬದಲಾದಾಗ, ಆ ಸಂಬಂಧದಿಂದ ಹುಟ್ಟಿದ ಕಲೆ ಏನಾಗುವುದು? ಉತ್ತು ಬಿತ್ತುವ ಎತ್ತು ಕೊಟ್ಟಿಗೆಯಿಂದ ಹೊರಟುಹೋದ ಮೇಲೆ ಜಗುಲಿಯ ಮೇಲಿನ ಮಣ್ಣಿನ ಎತ್ತು ಯಾವುದರ ಗುರುತು? ಈ ಪ್ರಶ್ನೆಗಳನ್ನು ಇಟ್ಟುಕೊಂಡು ದಢೇಸುಗೂರಿನವನಾದ ನಾನು ನಮ್ಮ ಊರಿನಲ್ಲಿಯೂ ಸುತ್ತಲಿನ ಹಳ್ಳಿ ಕ್ಯಾಂಪುಗಳಲ್ಲಿಯೂ ಕಂಡದ್ದನ್ನು, ಪುಸ್ತಕಗಳಲ್ಲಿ ಓದಿದ್ದನ್ನು ಇಲ್ಲಿ ಸಹಪಾಠಿಗಳ ಮುಂದೆ ಇಡುತ್ತಿದ್ದೇನೆ.

ಜ್ಯೇಷ್ಠ ಮಾಸದ ಹುಣ್ಣಿಮೆ ನಮಗೆ ಕಾರಹುಣ್ಣಿಮೆ. ಅಂದು ಜೀವಂತ ಎತ್ತುಗಳಿಗೆ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಗೆಜ್ಜೆ ಕಟ್ಟಿ, ಸಂಜೆ ಅಗಸೆಯ ಮುಂದೆ ಓಡಿಸಿ ಕರಿ ಹರಿಯುವರು. ಅಲ್ಲಿಂದ ಹದಿನೈದು ದಿನಕ್ಕೆ ಬರುವುದು ಮಣ್ಣೆತ್ತಿನ ಅಮಾವಾಸ್ಯೆ. ಅಂದು ಒಂದು ಜೋಡಿ ಮಣ್ಣಿನ ಎತ್ತುಗಳನ್ನೂ ಅವುಗಳ ಮುಂದೆ ಒಂದು ಪುಟ್ಟ ಗ್ವಾದಲಿಯನ್ನೂ ಮಾಡಿ, ಜಗುಲಿಯ ಮೇಲಿಟ್ಟು ಪೂಜಿಸಿ, ಹೋಳಿಗೆಯ ಎಡೆ ಹಿಡಿಯುವರು. ಇದರಿಂದ ಮಳೆಗಾಲದ ಮಣ್ಣಿನ ಪೂಜೆಗಳು ಮೊದಲಾಗುವುವು: ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ, ಶ್ರಾವಣದಲ್ಲಿ ನಾಗಪ್ಪ, ಭಾದ್ರಪದದಲ್ಲಿ ಗಣಪತಿ, ಅವನ ಹಿಂದೆಯೇ ಬುಟ್ಟಿಯಲ್ಲಿ ಕುಳಿತು ಮನೆಮನೆಗೆ ಬರುವ ಜೋಕುಮಾರ. ಐದೂ ಮಣ್ಣಿನವು, ಯಾವುದೂ ಮನೆಯಲ್ಲಿ ಉಳಿಯುವಂತಹುದಲ್ಲ. ಬಿತ್ತನೆಯ ಮೊದಲ ಹದದಿಂದ ಹಿಂಗಾರಿನ ಸಿದ್ಧತೆಯವರೆಗೆ ಒಕ್ಕಲಿಗನ ಮನಸ್ಸು ಮಳೆ ಮಣ್ಣುಗಳ ಮೇಲೆಯೇ ತೂಗಾಡುತ್ತಿರುವ ಕಾಲವಿದು. ಆ ಕಾಲದ ದೇವರುಗಳೂ ಮಣ್ಣಿನವರೇ ಆಗಿರುವುದು ಆಕಸ್ಮಿಕವಲ್ಲ.

ಮಣ್ಣೆತ್ತನ್ನು ಮಾಡುವುದು ನೋಡುವಷ್ಟು ಸುಲಭವಲ್ಲ. ನಮ್ಮ ಎರೆಮಣ್ಣು ಹಸಿಯಿದ್ದಾಗ ಬೆಣ್ಣೆ, ಒಣಗಿದರೆ ಕಲ್ಲು; ನೀರು ಕುಡಿದಾಗ ಉಬ್ಬುವುದು, ಆರಿದಾಗ ಕುಗ್ಗಿ ಬಿರಿಯುವುದು. ಬೇಸಿಗೆಯಲ್ಲಿ ಎರೆಹೊಲದ ಬಿರುಕಿನಲ್ಲಿ ಕಾಲು ಸಿಕ್ಕಿಸಿಕೊಂಡವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಆದುದರಿಂದ ಮಣ್ಣನ್ನು ಹಾಗೆಯೇ ಮಿದ್ದು ಎತ್ತು ಮಾಡಿದರೆ ಮರುದಿನವೇ ಅದರ ಬೆನ್ನು ಸೀಳುವುದು. ನಮ್ಮ ಮನೆಯಲ್ಲಿ ಮಣ್ಣನ್ನು ಒಂದು ರಾತ್ರಿ ನೆನೆಹಾಕಿ, ಕಸಕಲ್ಲು ಆಯ್ದು, ಹಿಂಜಿದ ಅರಳೆಯನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಿ ಒನಕೆಯಿಂದ ಕುಟ್ಟುವರು. ಅರಳೆಯ ಎಳೆಗಳು ಮಣ್ಣನ್ನು ಒಳಗಿನಿಂದ ಹಿಡಿದುಕೊಳ್ಳುವುವು. ಹತ್ತಿಯೂ ಅದೇ ಹೊಲದ್ದು, ಮಣ್ಣೂ ಅದೇ ಹೊಲದ್ದು. ಮೊದಲು ಒಡಲನ್ನು ಮಾಡಿ, ಅದರಿಂದಲೇ ನಾಲ್ಕು ಕಾಲುಗಳನ್ನು ಎಳೆದು, ಕೊರಳಿನ ಮೇಲೆ ಇಣಿಯನ್ನು ಎತ್ತರವಾಗಿ ನಿಲ್ಲಿಸಿ, ಕೊನೆಗೆ ಕೋಡುಗಳನ್ನು ಕೂಡಿಸುವರು. ಕಣ್ಣಿಗೆ ಕುಸುಬೆಯ ಬಿಳಿಯ ಕಾಳು. ಮುಖದ ವಿವರಗಳಿಗೆ ಯಾರೂ ಹೋಗುವುದಿಲ್ಲ. ಇಣಿ, ಕೋಡು, ಅಗಲವಾದ ಎದೆ, ಇವು ಮೂರು ಸರಿಯಾಗಿದ್ದರೆ ಎತ್ತು ಸರಿಯಾಯಿತೆಂದು ಲೆಕ್ಕ. ಸಂತೆಯಲ್ಲಿ ಎತ್ತು ಕೊಳ್ಳುವವನು ಮೊದಲು ನೋಡುವುದೂ ಇವುಗಳನ್ನೇ ಅಲ್ಲವೇ? ಆ ದೃಷ್ಟಿಯಿಂದ ಮಣ್ಣೆತ್ತು ಒಕ್ಕಲಿಗನ ಕಣ್ಣು ಮಾಡಿದ ಶಿಲ್ಪ.

ಎಲ್ಲರೂ ಮನೆಯಲ್ಲಿಯೇ ಮಾಡುತ್ತಿದ್ದರೆಂದು ತಿಳಿಯಬಾರದು. ಆಯಗಾರರಲ್ಲಿ ಒಬ್ಬನಾದ ಕುಂಬಾರನು ಅಮಾವಾಸ್ಯೆಯ ಮುಂಜಾನೆ ತನ್ನ ಪಾಲಿನ ಮನೆಗಳಿಗೆ ಎತ್ತುಗಳನ್ನು ತಂದುಕೊಟ್ಟು ಮೊರದ ತುಂಬ ಜೋಳ ಪಡೆಯುವುದು ರೂಢಿಯಾಗಿತ್ತು. ಕೆಲವು ಮನೆಗಳಲ್ಲಿ ಮಾತ್ರ ಹಠ: ತಮ್ಮ ಹೊಲದ ಮಣ್ಣೇ ಆಗಬೇಕು, ತಮ್ಮ ಕೈಯೇ ಮಾಡಬೇಕು. ನಮ್ಮ ಅಜ್ಜಿಯದು ಅಂತಹ ಹಠದ ಮನೆ.

ಈಗ ಎರಡು ಗಾವುದ ಹಿಂದಕ್ಕಲ್ಲ, ನಾಲ್ಕು ಸಾವಿರ ವರ್ಷ ಹಿಂದಕ್ಕೆ ಹೋಗೋಣ. ಲಿಂಗಸುಗೂರು ತಾಲೂಕಿನ ಮುದಗಲ್ಲಿನ ಹತ್ತಿರ ಪಿಕ್ಲಿಹಾಳವೆಂಬ ಹಳ್ಳಿಯುಂಟು. 1952ರಲ್ಲಿ ರೇಮಂಡ್ ಆಲ್ಚಿನ್ ಎಂಬ ಆಂಗ್ಲ ವಿದ್ವಾಂಸರು ಅಲ್ಲಿ ಉತ್ಖನನ ನಡೆಸಿದರು; ಅದರ ವರದಿ 1960ರಲ್ಲಿ ಅಚ್ಚಾಯಿತು. ಅಲ್ಲಿಯ ಗುಡ್ಡಗಳ ಬಂಡೆಗಳ ಮೇಲೆ ನೂತನ ಶಿಲಾಯುಗದ ಜನರು ಮತ್ತೆ ಮತ್ತೆ ಬಿಡಿಸಿದ ಆಕೃತಿಯೆಂದರೆ ಎತ್ತು. ಇಣಿಯುಳ್ಳ, ಉದ್ದ ಕೋಡಿನ ಎತ್ತು. ಕೆಲವನ್ನು ಬಣ್ಣದಿಂದ ಬರೆದಿರುವರು, ಕೆಲವನ್ನು ಕಲ್ಲಿನಿಂದ ಬಂಡೆಯ ಮೈಯನ್ನು ಕುಟ್ಟಿ ಕುಟ್ಟಿ ಮೂಡಿಸಿರುವರು. ಅಗೆತದಲ್ಲಿ ಮಣ್ಣಿನಿಂದ ಮಾಡಿದ ಸಣ್ಣ ಎತ್ತುಗಳೂ ದೊರೆತವು. ಬಳ್ಳಾರಿಯ ಬಳಿಯ ಕುಪ್ಪಗಲ್ಲಿನ ಗುಡ್ಡದ ಮೇಲೂ ಇಂತಹವೇ ನೂರಾರು ಕುಟ್ಟುಚಿತ್ರಗಳಿವೆ. ಅಲ್ಲಿಯ ಕಪ್ಪು ಬಂಡೆಗಳಲ್ಲಿ ಕೆಲವನ್ನು ಕಲ್ಲಿನಿಂದ ಬಡಿದರೆ ಗಂಟೆಯಂತೆ ನಾದ ಹೊರಡುವುದು. ನಿಕೋಲ್ ಬೋಯ್ವಿನ್ ಎಂಬ ವಿದುಷಿಯು 2004ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಈ ನಾದಕ್ಕೂ ಚಿತ್ರಗಳಿಗೂ ಇರಬಹುದಾದ ಸಂಬಂಧವನ್ನು ವಿಚಾರಮಾಡಿರುವರು. ಚಿತ್ರ ಬಿಡಿಸುವುದು ಅಲ್ಲಿ ಕಣ್ಣಿನ ಕೆಲಸದಷ್ಟೇ ಕಿವಿಯ ಕೆಲಸವೂ ಆಗಿದ್ದಿರಬೇಕು. ಅದೇ ಗುಡ್ಡದ ಕಲ್ಲನ್ನು ನಮ್ಮ ಕಾಲದವರು ಕಟ್ಟಡಕ್ಕೂ ರಸ್ತೆಗೂ ಒಡೆಯುತ್ತ ಬಂದಿರುವುದನ್ನೂ ಅವರು ಬರೆದಿರುವರು. ಅದನ್ನು ಓದಿದಾಗ ಬಂಡೆಯ ಮೇಲಿನ ಎತ್ತಿಗಿಂತ ನೀರಿನಲ್ಲಿ ಕರಗುವ ಎತ್ತೇ ಗಟ್ಟಿಯೆಂದು ನನಗೆ ತೋರಿತು.

ಆ ಜನರಿಗೆ ನೆಲವೆಂದರೇನು? ಇದಕ್ಕೆ ಬೂದಿಗುಡ್ಡಗಳು ಉತ್ತರ ಹೇಳುವುವು. ಕುಡತಿನಿಯ ಬೂದಿಗುಡ್ಡವನ್ನು ಜನ ಹಿಡಿಂಬಾಸುರನ ಬೂದಿಯೆಂದರು. ಹಂಪೆಯ ಬಳಿ ನಿಂಬಾಪುರದ್ದನ್ನು ವಾಲಿಯ ಚಿತೆಯೆಂದರು. ಆಲ್ಚಿನ್ನರು 1957ರಲ್ಲಿ, ಈಗ ತೆಲಂಗಾಣದಲ್ಲಿರುವ ಉಟ್ನೂರಿನ ಗುಡ್ಡವನ್ನು ಅಗೆದು, ಇವು ದನದ ದೊಡ್ಡಿಗಳಲ್ಲಿ ವರ್ಷಗಟ್ಟಲೆ ಕೂಡಿದ ಸಗಣಿಯನ್ನು ಸುಟ್ಟುದರಿಂದ ಆದ ಗುಡ್ಡಗಳೆಂದು ತೋರಿಸಿದರು. ಮುಂದೆ ಸುರಪುರದ ಕಡೆ ಬೂದಿಹಾಳದಲ್ಲಿ ಕೆ. ಪದ್ದಯ್ಯನವರು ನಡೆಸಿದ ಉತ್ಖನನವು ದೊಡ್ಡಿಯ ಸುತ್ತ ಜನವಸತಿಯೂ ಇದ್ದುದನ್ನು ಸ್ಪಷ್ಟಪಡಿಸಿತು. ಅಂದರೆ ನಮ್ಮ ದೋಆಬಿನ ಆ ಕಾಲದ ನಿವಾಸಿಗಳಿಗೆ ನೆಲವು ಮುಖ್ಯವಾಗಿ ಮೇವು, ಐಶ್ವರ್ಯವೆಂದರೆ ದನ. ಅವರು ಕುಟ್ಟಿ ಮೂಡಿಸಿದ್ದು ಉಳುವ ಎತ್ತನ್ನಲ್ಲ, ಮೇಯುವ ಎತ್ತನ್ನು. ಆ ಎತ್ತಿನ ಹೆಗಲ ಮೇಲೆ ನೊಗವಿಲ್ಲ.

ಪಿಕ್ಲಿಹಾಳದ ಮಣ್ಣೆತ್ತೇ ನೇರವಾಗಿ ನಮ್ಮ ಅಮಾವಾಸ್ಯೆಯ ಮಣ್ಣೆತ್ತಾಗಿ ಬಂದಿತೆಂದು ನಾನು ಸಾಧಿಸಹೊರಟಿಲ್ಲ. ನಾಲ್ಕು ಸಾವಿರ ವರ್ಷಗಳ ಸರಪಳಿಗೆ ಎರಡು ಕೊನೆಯ ಕೊಂಡಿಗಳು ಮಾತ್ರ ಸಿಕ್ಕಾಗ ನಡುವಿನ ಕೊಂಡಿಗಳನ್ನು ಕಲ್ಪಿಸಿಕೊಳ್ಳುವ ಚಪಲ ನಮ್ಮ ಪತ್ರಿಕೆಗಳಲ್ಲಿ ಹೆಚ್ಚಾಗಿ ಕಾಣುವುದು, ಅದು ಇತಿಹಾಸವಲ್ಲ. ನಾನು ಹೇಳುವುದು ಇಷ್ಟೇ: ನೆಲದ ಸಂಬಂಧ ಮೊದಲೂ ಒಮ್ಮೆ ಬದಲಾಗಿತ್ತು, ಮೇಯುವ ನೆಲ ಉಳುವ ನೆಲವಾಗಿತ್ತು, ಆದರೂ ಎತ್ತಿನ ಆಕೃತಿ ಹೊಸ ಅರ್ಥ ಹೊತ್ತು ಉಳಿಯಿತು.

ಉಳುವ ನೆಲದ ಆ ಕಾಲವನ್ನು ನಾನು ಕಂಡವನಲ್ಲ, ಹಿರಿಯರಿಂದ ಕೇಳಿದವನು. ಮುಂಗಾರಿಗೆ ಸಜ್ಜೆ, ತೊಗರಿ, ಶೇಂಗಾ. ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬೆ. ಹತ್ತಿ ಎರೆಯ ರಾಣಿ. ಕರಿಕೆ ಬಿದ್ದ ಎರೆಹೊಲವನ್ನು ಹಸನು ಮಾಡಲು ದೊಡ್ಡ ನೇಗಿಲಿಗೆ ನಾಲ್ಕಾರು ಜೋಡಿ ಎತ್ತು ಹೂಡಬೇಕು. ಆದುದರಿಂದ ಒಬ್ಬನ ಎತ್ತು ಊರಿನ ಎತ್ತು. ಇಂದು ನಿನ್ನ ಹೊಲ, ನಾಳೆ ನನ್ನ ಹೊಲ. ಕಪ್ಪು ನೆಲದ ಉಳುಮೆಗೆ ಹೆಸರಾದ ಕೃಷ್ಣಾ ತೀರದ ಭಾರಿ ಎತ್ತುಗಳು ಇದ್ದವನ ಮಾತಿಗೆ ಪಂಚಾಯಿತಿಯಲ್ಲಿ ತೂಕ. ಸುಗ್ಗಿಯಲ್ಲಿ ಕಣದ ನಡುವೆ ಮೇಟಿ ನೆಟ್ಟು, ಎತ್ತುಗಳ ಸಾಲನ್ನು ಕಟ್ಟಿ, ತೆನೆಯ ಮೇಲೆ ರಾತ್ರಿಯೆಲ್ಲ ಹಂತಿ ಹೊಡೆಯುವರು. ಹಂತಿಯ ಹಾಡುಗಳು ಹುಟ್ಟಿದ್ದು ಅಲ್ಲಿಯೇ. ಎತ್ತಿನ ಕಾಲಿನ ಗತಿಯೇ ಅವುಗಳ ತಾಳ. ಎತ್ತು ನಿದ್ದೆಗೆಟ್ಟು ತಡವರಿಸಿದರೆ ಹಾಡೂ ತಡವರಿಸುವುದು. ಹಂತಿಪದಗಳನ್ನು ವಿದ್ವಾಂಸರು ಬರೆದುಕೊಂಡು ಅಚ್ಚು ಹಾಕಿಸಿರುವುದು ದೊಡ್ಡ ಉಪಕಾರ. ಆದರೆ ಆ ತಡವರಿಕೆಯನ್ನು ಅಚ್ಚಿನಲ್ಲಿ ಹಿಡಿಯುವುದು ಹೇಗೆ?

ಇನ್ನು ಕಾಲುವೆಯ ಮಾತು. ನಮ್ಮ ಊರಿನ ಕೆಳಗೆ ಹರಿಯುವ ತುಂಗಭದ್ರೆ ಒಂದು ಕಾಲಕ್ಕೆ ಎರಡು ಆಳಿಕೆಗಳ ಗಡಿ. ಈಚೆ ದಡ ನಿಜಾಮರ ಹೈದರಾಬಾದು, ಆಚೆಯ ಸಿರುಗುಪ್ಪ ಮದರಾಸು. ಎರಡೂ ಸರ್ಕಾರಗಳು ಕೂಡಿ 1945ರಲ್ಲಿ ಹೊಸಪೇಟೆಯ ಬಳಿ ಅಣೆಕಟ್ಟಿನ ಕೆಲಸಕ್ಕೆ ಕೈಹಾಕಿದುವು. 1948ರಲ್ಲಿ ಹೈದರಾಬಾದು ಭಾರತದಲ್ಲಿ ಸೇರಿತು. 1953ರಲ್ಲಿ ಕಾಲುವೆಗೆ ನೀರು ಬಿಟ್ಟರು. ಅದೇ ವರ್ಷ ಬಳ್ಳಾರಿ ಮೈಸೂರಿಗೆ ಸೇರಿತು, 1956ರಲ್ಲಿ ರಾಯಚೂರೂ ಸೇರಿ ಎರಡು ದಡಗಳು ಒಂದೇ ರಾಜ್ಯವಾದುವು. ಸುಮಾರು 226 ಕಿಲೋಮೀಟರು ಉದ್ದದ ಎಡದಂಡೆ ಕಾಲುವೆಯು ಹಂತಹಂತವಾಗಿ ಗಂಗಾವತಿ, ಸಿಂಧನೂರು, ಮಾನ್ವಿ, ರಾಯಚೂರಿನ ಕಡೆಗೆ ಇಳಿಯಿತು. ಯೋಜನೆ ಮಾಡಿದವರ ಉದ್ದೇಶ ಬರಗಾಲಕ್ಕೆ ತಡೆಗಟ್ಟುವುದು: ಬಹುಪಾಲು ಹೊಲಗಳಿಗೆ ಜೋಳ, ಹತ್ತಿ, ಶೇಂಗಾಗಳಿಗೆ ಸಾಕಾಗುವಷ್ಟು ಅರೆನೀರು, ನೆಲ್ಲಿಗೆ ಸಣ್ಣ ಪಾಲು ಮಾತ್ರ. ಆದರೆ ನೀರು ಕಂಡ ನೆಲ ಕಾಗದದ ಮಾತು ಕೇಳಲಿಲ್ಲ. ಕಾಲುವೆಯ ಮೇಲ್ಭಾಗದವರು ಎರಡು ಬೆಳೆ ನೆಲ್ಲು ಬೆಳೆದರು, ಕೊನೆಯ ಭಾಗದವರು ಕಾದು ಕುಳಿತರು. ಈ ಜಗ್ಗಾಟವನ್ನು ಡಚ್ ವಿದ್ವಾಂಸ ಪೀಟರ್ ಮೊಲಿಂಗಾ ನಮ್ಮ ಕಾಲುವೆಯ ಮೇಲೆಯೇ ಅಭ್ಯಾಸಮಾಡಿ ಪುಸ್ತಕ ಬರೆದಿರುವರು. ನಮ್ಮ ಗದ್ದೆಯ ಜಗಳ ಯೂರೋಪಿನ ವಿಶ್ವವಿದ್ಯಾಲಯದಲ್ಲಿ ಪಾಠವಾಗಿರುವುದು ಹೆಮ್ಮೆಯ ವಿಷಯವೋ ಅಲ್ಲವೋ ವಾಚಕರೇ ನಿರ್ಣಯಿಸಲಿ.

ಕಾಲುವೆ ನಮಗೆ ಅನ್ನ ಕೊಟ್ಟಿತು. ಇದನ್ನು ಮರೆತು ಹಳೆಯ ಕಾಲವನ್ನು ಹೊಗಳುವುದು ಕೃತಘ್ನತೆ. ನನ್ನ ಅಜ್ಜಿಯ ಬಾಯಲ್ಲಿ ಬರದ ಕಥೆಗಳನ್ನು ಕೇಳಿದವನು ನಾನು. ನೆಲ್ಲಿನ ದುಡ್ಡಿಲ್ಲದೆ ನಾನು ಈ ಕಾಲೇಜಿನ ಮೆಟ್ಟಿಲು ಹತ್ತುತ್ತಿರಲಿಲ್ಲ. ಆದರೆ ಕಾಲುವೆ ನೆಲದ ಪಂಚಾಂಗವನ್ನೇ ತಿದ್ದಿತು. ಬಿತ್ತನೆ ಮಳೆಯ ನಕ್ಷತ್ರವನ್ನು ಬಿಟ್ಟು ಗೇಟು ಎತ್ತುವ ದಿನವನ್ನು ಹಿಡಿಯಿತು. ಆಗಸ್ಟ್ 2024ರಲ್ಲಿ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಕೊಚ್ಚಿಹೋದ ರಾತ್ರಿ ನಮ್ಮ ಊರಿನಲ್ಲಿ ಯಾರೂ ಮಲಗಲಿಲ್ಲ; ಹಿಂದಿನವರು ಆಕಾಶ ನೋಡುತ್ತಿದ್ದಂತೆ ಎಲ್ಲರೂ ಮೊಬೈಲು ನೋಡುತ್ತಿದ್ದರು. ಕೆಸರು ಗದ್ದೆಗೆ ಟ್ರ್ಯಾಕ್ಟರು, ಕೊಯ್ಲಿಗೆ ಯಂತ್ರ ಬಂದುವು. ಹಂತಿಗೆ ಕಣವಿಲ್ಲ, ಕಣಕ್ಕೆ ಎತ್ತಿಲ್ಲ. ಯಂತ್ರದ ನೆಲ್ಲುಹುಲ್ಲು ಬಹುಪಾಲು ಗದ್ದೆಯಲ್ಲಿಯೇ ಉರಿದುಹೋಗುವುದು. ಜೋಳದ ಸೊಪ್ಪೆಯಿಲ್ಲದೆ ಎತ್ತು ಕಟ್ಟುವುದು ದುಬಾರಿಯಾಯಿತು.

ಎಳ್ಳಮಾಸಿಯ ಚಿತ್ರವನ್ನು ನೋಡಿದರೆ ಈ ಬದಲಾವಣೆ ಕಣ್ಣಿಗೆ ಹೊಡೆದಂತೆ ತಿಳಿಯುವುದು. ಹಿಂಗಾರಿ ಜೋಳ ಹೊಡೆಗಟ್ಟಿ ನಿಂತ ಹೊಲದಲ್ಲಿ ಬನ್ನಿಯ ಗಿಡದ ಬುಡಕ್ಕೆ ಐದು ಕಲ್ಲುಗಳನ್ನು ಇಟ್ಟು, ಸುಣ್ಣ ಬಳಿದು, ಪಾಂಡವರೆಂದು ಪೂಜಿಸಿ, ಸಜ್ಜೆ ರೊಟ್ಟಿ, ಕಡುಬು, ಪುಂಡಿಪಲ್ಯಗಳನ್ನು ಕಲಸಿ ಹೊಲದ ನಾಲ್ಕೂ ದಿಕ್ಕಿಗೆ ಚರಗ ಚೆಲ್ಲುವುದು ಪದ್ಧತಿ. ಬಸುರಿಯಾದ ಭೂಮಿಗೆ ಬಯಕೆಯ ಊಟವದು. ಈಗ ಆ ಹೊತ್ತಿಗೆ ಮೊದಲ ನೆಲ್ಲು ಕೊಯ್ದಾಗಿರುವುದು, ಎರಡನೆಯದರ ಸಸಿಮಡಿ ಎದ್ದಿರುವುದು. ಬಸುರಿ ಯಾರು, ಬಾಣಂತಿ ಯಾರು? ಆದರೂ ಜನ ಬಂಡಿಯ ಬದಲು ಟ್ರ್ಯಾಕ್ಟರಿನಲ್ಲಿ ಕುಳಿತು ಹೋಗುವರು, ಬದುವಿನ ಮೇಲೆ ಸಾಲಾಗಿ ನಿಂತು ಕೆಸರು ನೀರಿಗೆ ಚರಗ ಚೆಲ್ಲುವರು. ಹೊಲ ಸಮ ಮಾಡಿಸಿದಾಗ ಬನ್ನಿಯ ಗಿಡ ಹೋಗಿದ್ದರೆ ಪಂಪಿನ ಕಟ್ಟೆಯೇ ಪಾಂಡವರಿಗೆ ಮನೆ.

ನೆಲ್ಲಿನ ಜೊತೆಗೆ ನೆಲ್ಲನ್ನು ಬಲ್ಲವರೂ ಬಂದರು. ನೀರು ಬಿಟ್ಟ ಕೆಲವೇ ವರ್ಷಗಳಲ್ಲಿ ಕರಾವಳಿ ಆಂಧ್ರದ ರೈತರು ಇಲ್ಲಿ ಭೂಮಿ ಕೊಂಡು, ಹೊಲದಲ್ಲಿಯೇ ಬಿಡಾರ ಹೂಡಿದರು. ಬಿಡಾರಗಳು ಕ್ಯಾಂಪುಗಳಾದುವು, ಕ್ಯಾಂಪುಗಳು ಊರುಗಳಾದುವು. 1970ರ ಸುಮಾರಿಗೆ ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿಗಳಿಗೆ ಸಿಂಧನೂರಿನ ಬಳಿ ಪುನರ್ವಸತಿ ಕ್ಯಾಂಪುಗಳಾದುವು. ಇವರ ಕೈಯಲ್ಲಿಯೂ ಮಣ್ಣಿನ ಕಲೆಯಿದೆಯೆಂಬುದನ್ನು ನಾವು ಗಮನಿಸಿದ್ದು ಕಡಿಮೆ. ಸಂಕ್ರಾಂತಿಯ ತಿಂಗಳಿನಲ್ಲಿ ತೆಲುಗು ಮನೆಗಳ ಮುಂದೆ ಅಗಲವಾದ ಮುಗ್ಗುಗಳನ್ನು ಬಿಡಿಸಿ, ನಡುವೆ ಸಗಣಿಯ ಉಂಡೆಗಳನ್ನಿಟ್ಟು, ಚೆಂಡುಹೂವು ಕುಂಬಳದ ಹೂವು ಸಿಕ್ಕಿಸುವರು. ಅವಕ್ಕೆ ಗೊಬ್ಬೆಮ್ಮ ಎಂದು ಹೆಸರು. ಒಂದು ಕ್ಯಾಂಪಿನ ಮುದುಕಿಯೊಬ್ಬರನ್ನು "ಸಗಣಿ ಎಲ್ಲಿಂದ ತರುವಿರಮ್ಮ?" ಎಂದು ಕೇಳಿದೆ. ದನ ಕಟ್ಟುವವರು ಕ್ಯಾಂಪಿನಲ್ಲಿ ಇಬ್ಬರೇ ಉಳಿದಿರುವರೆಂದೂ ಅವರ ಮನೆಯ ಮುಂದೆ ಹೆಣ್ಣುಮಕ್ಕಳು ಬೆಳಗಿನ ಜಾವವೇ ಸರದಿ ನಿಲ್ಲುವರೆಂದೂ ಹೇಳಿ ನಕ್ಕರು. ಬಂಗಾಳಿ ಕ್ಯಾಂಪುಗಳಲ್ಲಿ ದಸರೆಗೆ ದುರ್ಗೆಯನ್ನು ಕೂಡಿಸುವರು. ಹುಲ್ಲಿನ ಒಡಲಿಗೆ ಮಣ್ಣು ಮೆತ್ತಿ ದೇವಿಯನ್ನು ಮಾಡುವುದು ಅವರ ನಾಡಿನ ಪದ್ಧತಿ. ಗಂಗೆ ಪದ್ಮೆಯರ ಮೆಕ್ಕಲು ನೆಲದ ಆ ನೆನಪನ್ನು ಇಲ್ಲಿ ಹೊತ್ತು ನಿಲ್ಲುವುದು ನಮ್ಮ ನಾಡಿನ ಮಣ್ಣು. ನೆಲವನ್ನು ಕಳೆದುಕೊಂಡು ಬಂದವರು, ನೆಲವನ್ನು ಕೊಂಡುಕೊಂಡು ಬಂದವರು, ನೆಲದಲ್ಲಿಯೇ ಇದ್ದು ಅದರ ಗುಣ ಬದಲಾದುದನ್ನು ಕಂಡವರು, ಮೂವರೂ ಹದಿನೈದು ಮೈಲಿಯೊಳಗೆ ಬದುಕುತ್ತಿರುವೆವು. ಅವರ ಮಕ್ಕಳು ನಮ್ಮ ಕಾಲೇಜಿನ ಬೆಂಚುಗಳ ಮೇಲೆಯೇ ಕುಳಿತಿರುವರು.

ಕಲಾವಿದರೆನಿಸಿಕೊಂಡವರು ಇಂತಹ ಸಂದರ್ಭದಲ್ಲಿ ಏನು ಮಾಡಿದರೆಂದು ತಿಳಿಯಲು ಫ್ರಾನ್ಸಿನ ಮಿಲೆಯನ್ನು ನೆನೆಯಬಹುದು. 1814ರಲ್ಲಿ ನಾರ್ಮಂಡಿಯ ಒಂದು ಒಕ್ಕಲುಮನೆಯಲ್ಲಿ ಹುಟ್ಟಿದ ಈತನು 1857ರಲ್ಲಿ ಹಕ್ಕಲು ಆಯುವ ಮೂವರು ಹೆಂಗಸರ ಚಿತ್ರವನ್ನು ಪ್ಯಾರಿಸ್ಸಿನಲ್ಲಿ ಪ್ರದರ್ಶಿಸಿದನು. ದೂರದಲ್ಲಿ ಬಣವೆಗಳು, ತುಂಬಿದ ಬಂಡಿ, ಕುದುರೆಯೇರಿದ ಮೇಲ್ವಿಚಾರಕ. ಮುಂದೆ ಬಾಗಿದ ಮೂರು ಬೆನ್ನುಗಳು. ಬಡವರನ್ನು ಇಷ್ಟು ದೊಡ್ಡದಾಗಿ ಬರೆದುದಕ್ಕೆ ಅಲ್ಲಿಯ ಸಿರಿವಂತರು ಸಿಟ್ಟಾದರು. ಆ ಚಿತ್ರದ ಅಚ್ಚನ್ನು ನಾನು ಅಜ್ಜಿಗೆ ತೋರಿಸಿದಾಗ ಆಕೆಗೆ ದೇಶ ಕಾಲಗಳ ವಿವರಣೆ ಬೇಕಾಗಲಿಲ್ಲ. "ಹಕ್ಕಲಾ ಆಯಾಕತ್ತ್ಯಾರ" ಎಂದು ನೋಡಿದೊಡನೆ ಅಂದಳು; ಸ್ವಲ್ಪ ಹೊತ್ತು ನೋಡಿ, "ನಡುವಿನಾಕಿ ಕೈ ನೋಡು, ಆಕಿಗೆ ರೂಢಿ ಐತಿ" ಎಂದಳು. ಜೋಳ ಕೊಯ್ದ ಹೊಲದಲ್ಲಿ ಬಿದ್ದ ತೆನೆ ಆಯುವ ಹಕ್ಕು ಬಡವರದೆಂಬುದು ನಮ್ಮಲ್ಲಿಯೂ ಬರೆಯದ ಕಾನೂನಾಗಿತ್ತು. ಯಂತ್ರ ಕೊಯ್ದ ಕೆಸರುಗದ್ದೆಯಲ್ಲಿ ಹಕ್ಕಲಿಲ್ಲ. ಆ ಮಾತು ನಮ್ಮ ವಾರಿಗೆಯ ಹಲವರಿಗೆ ತಿಳಿಯದು.

ನಮ್ಮ ದೇಶದಲ್ಲಿ ನಂದಲಾಲ ಬೋಸರು 1938ರ ಹರಿಪುರಾ ಕಾಂಗ್ರೆಸ್ಸಿಗಾಗಿ ಹಳ್ಳಿಯ ಕಸುಬುಗಳನ್ನೂ ದುಡಿಯುವವರನ್ನೂ ಬರೆದರು. ಕರ್ನಾಟಕದಲ್ಲಿ ಎಚ್. ಎಲ್. ನಾಗೇಗೌಡರು ರಾಮನಗರದ ಬಳಿ ಜಾನಪದ ಲೋಕವನ್ನು ಕಟ್ಟಿ ಬೇಸಾಯದ ಸಲಕರಣೆಗಳನ್ನೆಲ್ಲ ಕೂಡಿಟ್ಟರು. ಇಂತಹ ಕೆಲಸಕ್ಕೆ ಎಷ್ಟು ಕೃತಜ್ಞತೆ ಹೇಳಿದರೂ ಸಾಲದು. ಆದರೆ ಕೂರಿಗೆಯನ್ನು ಗೋಡೆಗೆ ಒರಗಿಸಿ ಕಾಪಾಡಬಹುದು, ಮಣ್ಣೆತ್ತನ್ನು ಹಾಗೆ ಕಾಪಾಡಲಾಗದು. ಕರಗುವುದೇ ಅದರ ಧರ್ಮ. ಗಾಜಿನ ಪೆಟ್ಟಿಗೆಯಲ್ಲಿ ಕುಳಿತ ಮಣ್ಣೆತ್ತು ಮಾದರಿಯಾದೀತೇ ಹೊರತು ಮಣ್ಣೆತ್ತಾಗದು. ಪ್ರತಿವರ್ಷ ಹೊಲಕ್ಕೆ ಹೋಗಿ ಮಣ್ಣು ತರುವ ಕಾಲುಗಳು, ಮಿದಿಯುವ ಕೈಗಳು ಇದ್ದಷ್ಟು ಕಾಲ ಅದು ಇರುವುದು.

ಈಗ ನಮ್ಮ ಮನೆಯ ಸಂಗತಿಯನ್ನು ಹೇಳಬೇಕು. ನಮ್ಮ ಹೊಲ ತಗ್ಗಿನಲ್ಲಿದೆ. ಮೇಲಿನ ಗದ್ದೆಗಳ ನೀರೆಲ್ಲ ಬಸಿದು ಇತ್ತಲೇ ಬರುವುದು. ಎರೆಭೂಮಿ ನೀರನ್ನು ಕೆಳಗಿಳಿಸದು. ಒಳಗಿನ ನೀರಿನ ಮಟ್ಟ ಮೇಲೇರುವುದು. ಅದರೊಡನೆ ನೆಲದೊಳಗಿನ ಉಪ್ಪೂ ಮೇಲೇರುವುದು. ಬಿಸಿಲಿಗೆ ನೀರು ಆರಿ ಉಪ್ಪು ಮಾತ್ರ ಉಳಿಯುವುದು. ಇದಕ್ಕೆ ನಮ್ಮ ಕಡೆ ಸವುಳು ಎನ್ನುವರು. ಅಚ್ಚುಕಟ್ಟಿನಲ್ಲಿ ಸಾವಿರಾರು ಎಕರೆ ಹೀಗೆ ಕೆಟ್ಟಿದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದವರು ಇದರ ಮೇಲೆ ಬಹಳ ಕೆಲಸ ಮಾಡಿರುವರು: ಬಸಿಗಾಲುವೆ ತೋಡಬೇಕು, ಬೇಕಾದಲ್ಲಿ ಜಿಪ್ಸಂ ಹಾಕಬೇಕು, ಹಸಿರೆಲೆ ಗೊಬ್ಬರ ಬೆಳೆಯಬೇಕು. ಆದರೆ ಬಸಿಗಾಲುವೆ ಒಬ್ಬನ ಹೊಲದಲ್ಲಿ ಮುಗಿಯುವ ಕೆಲಸವಲ್ಲ. ಕೆಳಗಿನವನು ದಾರಿ ಕೊಡಬೇಕು, ಮೇಲಿನವನು ನೀರು ಹಿಡಿಯಬೇಕು. ನಮ್ಮ ಎತ್ತುಗಳನ್ನು ನಾನು ಪ್ರಾಥಮಿಕ ಶಾಲೆಯಲ್ಲಿದ್ದಾಗಲೇ ಮಾರಿದ್ದರು. ಹೊಲದ ಒಂದು ಮಗ್ಗುಲನ್ನು ಅಪ್ಪ ಎರಡು ವರ್ಷ ಬೀಳುಬಿಟ್ಟರು. ಈಗ ಪೂರ್ತಿ ಹೊಲವನ್ನೇ ಲಾವಣಿಗೆ ಕೊಡುವ ಮಾತು ನಡೆದಿದೆ.

ಕಳೆದ ಅಮಾವಾಸ್ಯೆಗೆ ಎಂದಿನಂತೆ ಅಜ್ಜಿ ಹೊಲದ ಮಣ್ಣನ್ನೇ ತರಬೇಕೆಂದಳು. ಬೀಳುಬಿಟ್ಟ ಮಗ್ಗುಲಿನ ಮಣ್ಣು ಅಗೆಯುವುದಕ್ಕೆ ಸುಲಭವಾಗಿದ್ದುದರಿಂದ ಅಪ್ಪ ಅಲ್ಲಿಂದಲೇ ಒಂದು ಪುಟ್ಟಿ ತಂದರು. ಅಜ್ಜಿ ಎತ್ತು ಮಾಡಿ ಪಡಸಾಲೆಯಲ್ಲಿ ಆರಲಿಟ್ಟಳು. ಸಂಜೆಯ ಹೊತ್ತಿಗೆ ಎತ್ತುಗಳ ಇಣಿಯ ಮೇಲೆ, ಕೋಡಿನ ತುದಿಗೆ, ಬೆನ್ನಿನ ಉದ್ದಕ್ಕೆ ಬಿಳಿಯ ಪುಡಿ ಏಳತೊಡಗಿತು. ಹೊಲದಲ್ಲಿ ಆಗುತ್ತಿದ್ದುದೇ ಎತ್ತಿನ ಮೈಯಲ್ಲಿಯೂ ಆಗುತ್ತಿತ್ತು. ನೀರು ಆರುತ್ತ ಉಪ್ಪನ್ನು ಮೇಲಕ್ಕೆ ತರುತ್ತಿತ್ತು. ನಾನು ಇದನ್ನು ಅಜ್ಜಿಗೆ ಬಿಡಿಸಿ ಹೇಳಿದೆ. ಆಕೆ ಎಲ್ಲವನ್ನೂ ಕೇಳಿ, ಸೆರಗಿನ ತುದಿಯಿಂದ ಎತ್ತಿನ ಬೆನ್ನು ಒರೆಸಿ, "ಬೆವತಾವ, ತಮ್ಮಾ. ಬೆವರು ಆರಿದ್ರ ಹಿಂಗ ಬೆಳ್ಳಗಾಗತೈತಿ. ನಮ್ಮ ಎತ್ತಿನ ಮೈ ನೀ ನೋಡಿಲ್ಲ" ಎಂದಳು. ಅಪ್ಪ ಏನೂ ಆಡಲಿಲ್ಲ. ಪೂಜೆ ಎಂದಿನಂತೆಯೇ ನಡೆಯಿತು. ಲಾವಣಿಯ ಮಾತಿಗೆ ಬಂದಿದ್ದವರಿಗೆ ಅಪ್ಪ ಅಂದು ಉತ್ತರ ಕೊಡದೆ, ದೀಪಾವಳಿಯ ಮೇಲೆ ನೋಡೋಣವೆಂದು ಕಳಿಸಿದರು.

ಮಣ್ಣೆತ್ತಿನ ಪಕ್ಕದಲ್ಲಿ ಈಚೆಗೆ ಇನ್ನೊಂದು ಆಕೃತಿಯೂ ಕಾಣಿಸಿಕೊಳ್ಳುತ್ತಿದೆ. ಓಣಿಯ ಹುಡುಗರು ಉಳಿದ ಮಣ್ಣಿನಿಂದ ಟ್ರ್ಯಾಕ್ಟರು ಮಾಡುವರು. ದೊಡ್ಡ ಗಾಲಿ ಎರಡು, ಸಣ್ಣ ಗಾಲಿ ಎರಡು, ಹೊಗೆ ಕೊಳವೆಗೆ ಒಂದು ಜೋಳದ ದಂಟು. ಹಿರಿಯರು ಕೆಲವರು ಇದನ್ನು ಕಂಡು ಕಲಿಗಾಲವೆನ್ನುವರು. ನನಗೆ ಹಾಗೆ ತೋರುವುದಿಲ್ಲ. ಹುಡುಗನು ತಾನು ಕಂಡುದನ್ನು ಮಾಡುವನು. ಅವನ ಟ್ರ್ಯಾಕ್ಟರಿನ ಗಾಲಿಯ ಹಲ್ಲುಗಳಲ್ಲಿ ಇರುವ ನಿಖರತೆ ಅವನ ಎತ್ತಿನ ಕಾಲಿನಲ್ಲಿ ಇಲ್ಲದಿದ್ದರೆ ಅದು ಅವನ ತಪ್ಪಲ್ಲ. ಆದರೆ ಒಂದನ್ನು ಗಮನಿಸಿದೆ: ಟ್ರ್ಯಾಕ್ಟರು ಅಂಗಳದಲ್ಲಿ ಆಟಕ್ಕೆ, ಎತ್ತು ಜಗುಲಿಯ ಮೇಲೆ. ಟ್ರ್ಯಾಕ್ಟರಿನ ಮುಂದೆ ಇನ್ನೂ ಯಾರೂ ಗ್ವಾದಲಿ ಇಟ್ಟಿಲ್ಲ.

ಈ ಲೇಖನಕ್ಕಾಗಿ ಹತ್ತಿರದ ಊರಿನ ಕುಂಬಾರರೊಬ್ಬರನ್ನು ಕಂಡು ಮಾತನಾಡಿದೆ. ಈಗ ಜೋಳದ ಮೊರ ಹೋಗಿ ಜೋಡಿಗೆ ಇಷ್ಟು ರೂಪಾಯಿ ಎಂದಾಗಿದೆ. ಕ್ಯಾಂಪಿನವರೂ ಕೆಲವರು ಕೊಳ್ಳುವರಂತೆ. ಮಣ್ಣು ಎಲ್ಲಿಯದೆಂದು ಕೇಳಿದಾಗ ಅವರು ಕಾಲುವೆಯ ಕಡೆಗೆ ಕೈ ತೋರಿಸಿದರು. ಕೆರೆಯಂಗಳ ಒತ್ತುವರಿಯಾಗಿದೆ, ಹೊಲದವರು ಮಣ್ಣು ಅಗೆಯಗೊಡರು, ಸವುಳು ಮಣ್ಣು ಕೆಲಸಕ್ಕೆ ಬಾರದು. ಆದುದರಿಂದ ಕಾಲುವೆ ಬಂದಾದ ಮೇಲೆ ತೆಗೆದು ದಡಕ್ಕೆ ಹಾಕಿದ ಹೂಳೇ ಗತಿ. ತುಂಗಭದ್ರಾ ಜಲಾಶಯವು ಕಟ್ಟಿದಾಗ 130 ಟಿ.ಎಂ.ಸಿ.ಗಿಂತ ಹೆಚ್ಚು ನೀರು ಹಿಡಿಯುತ್ತಿದ್ದುದು ಹೂಳು ತುಂಬಿ ಸುಮಾರು 105ಕ್ಕೆ ಇಳಿದಿರುವುದನ್ನು ನಾವು ಪತ್ರಿಕೆಗಳಲ್ಲಿ ಓದಿರುವೆವು. ಮಲೆನಾಡಿನಿಂದ ಹಿಡಿದು ಹಾವೇರಿ ದಾವಣಗೆರೆಗಳವರೆಗಿನ ಯಾರ ಯಾರದೋ ಹೊಲದ ಮೇಲ್ಮಣ್ಣು ಅದು. ಅದರಲ್ಲಿ ಒಂದು ಪಾಲು ನೀರಿನೊಡನೆ ನಮ್ಮ ಕಾಲುವೆಗೂ ಇಳಿದು ಬರುವುದು. ಅವರ ಪಡಸಾಲೆಯಲ್ಲಿ ಸಾಲಾಗಿ ನಿಂತಿದ್ದ ಎತ್ತುಗಳು ಬೂದುಬಣ್ಣದವು, ಮೈ ನುಣುಪು, ಕೋಡು ಮಾತ್ರ ತೀರ ಮೊಟಕು. ಪಿಕ್ಲಿಹಾಳದ ಬಂಡೆಯ ಎತ್ತಿನ ಚಿತ್ರವನ್ನು ತೋರಿಸಿ, ಹೀಗೆ ಉದ್ದ ಕೋಡು ಏಕೆ ಇಡುವುದಿಲ್ಲವೆಂದು ಕೇಳಿದೆ. ಅವರು ಚಿತ್ರವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಇದು ಎರಿ ಎತ್ತು ರೀ. ನಮ್ಮ ಅಪ್ಪನೂ ಹಿಂಗಾ ಮಾಡತಿದ್ದ. ಹೂಳಿನಾಗ ಉಸುಕು ಇರತೈತಿ, ಕೋಡು ಉದ್ದ ಎಳದ್ರ ಮುರೀತಾವ. ಎರಿ ತಂದುಕೊಡ್ರಿ, ಮಾಡಿಕೊಡತೀನಿ" ಎಂದರು. ಬರುವ ಜ್ಯೇಷ್ಠಕ್ಕೆ ನಮ್ಮ ಹೊಲದ ದಿಬ್ಬದ ಕಡೆಯ, ಸವುಳು ಹತ್ತದ ಮಗ್ಗುಲಿನಿಂದ ಎರಡು ಪುಟ್ಟಿ ಮಣ್ಣು ತಂದುಕೊಡುವೆನೆಂದು ಒಪ್ಪಿ ಬಂದಿರುವೆನು.